ಲಾಳ ಅಂದರೆ ಆಟ ಮುಗೀತು: ಇಬ್ಬರು ಆಡುವ ಒಂದು ಪದದಾಟದ ಪಾಠ

ಈ ಆಟಕ್ಕೆ ಬೋರ್ಡು ಬೇಡ, ಕಾರ್ಡು ಬೇಡ, ಮೊಬೈಲ್ ಬೇಡ, ಪೆನ್ನೂ ಬೇಡ. ಇಬ್ಬರು ಇದ್ದರೆ ಸಾಕು. ಬಸ್ಸಿಗೆ ಕಾಯುವಾಗ, ಮೆಸ್ಸಿನ ಸಾಲಿನಲ್ಲಿ, ಲ್ಯಾಬಿನಲ್ಲಿ ರೀಡಿಂಗ್ ಬರುವವರೆಗೆ, ಎಲ್ಲಿ ಬೇಕಾದರೂ ಆಡಬಹುದು. ನಾವು ಇದನ್ನು ಕಲಿತದ್ದು ಸಿಂಧಘಟ್ಟದಲ್ಲಿ, ಸೋತು.

ರಾಜ್ಯೋತ್ಸವಕ್ಕೆ ಮುಂಚಿನ ಒಂದು ಶನಿವಾರ ನಮ್ಮ ಕನ್ನಡ ಸಂಘದ ಐದು ಜನ ಗೆಳೆಯನೊಬ್ಬನ ಊರಿಗೆ ಹೋಗಿದ್ದೆವು. ಸಿಂಧಘಟ್ಟ ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆ ತಾಲ್ಲೂಕಿನ ಹಳ್ಳಿ. ಅಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಸ್ಥಾನ ಇದೆ, ನೋಡೋಣ ಅಂತ ಹೊರಟಿದ್ದು. ಕೆ.ಎಸ್.ನರಸಿಂಹಸ್ವಾಮಿಯವರ ಕಿಕ್ಕೇರಿ, ಎ.ಎನ್.ಮೂರ್ತಿರಾಯರ ಅಕ್ಕಿಹೆಬ್ಬಾಳು ಎರಡೂ ಇದೇ ತಾಲ್ಲೂಕಿನವು ಎಂದು ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡೆವು. ಕ್ವಿಜ್ ಗೆದ್ದವರು, ಚರ್ಚಾಸ್ಪರ್ಧೆ ಗೆದ್ದವರು, ಎಲ್ಲರೂ ನಮ್ಮಲ್ಲಿದ್ದರು. ಸಂಜೆ ಕರೆಂಟು ಹೋಯಿತು. ಜಗಲಿಯ ಮೇಲೆ ಕುಳಿತಿದ್ದ ಗೆಳೆಯನ ಅಜ್ಜಿ, "ಸುಮ್ಕೆ ಯಾಕ್ ಕುಂತಿದ್ದೀರಿ? ಬನ್ನಿ, ಗಂಟಿನ ಆಟ ಆಡಾನ" ಅಂದರು.

ಅಜ್ಜಿ ಶಾಲೆಗೆ ಹೋದವರಲ್ಲ. ನಾವು ಸ್ವಲ್ಪ ಬಿಟ್ಟುಕೊಟ್ಟು ಆಡೋಣ ಎಂದು ಕಣ್ಣಲ್ಲೇ ಮಾತಾಡಿಕೊಂಡೆವು.

ನಿಯಮಗಳು

ಅಜ್ಜಿ ಹೇಳಿದ ನಿಯಮಗಳನ್ನು ನಮ್ಮ ಭಾಷೆಯಲ್ಲಿ ಬರೆದರೆ ಹೀಗಾಗುತ್ತದೆ:

1. ಒಬ್ಬರು ಒಂದು ಪದ ಹೇಳಬೇಕು. ಅದರ ಕೊನೆಯ ವ್ಯಂಜನದಿಂದ ಶುರುವಾಗುವ ಪದವನ್ನು ಇನ್ನೊಬ್ಬರು ಹೇಳಬೇಕು. ಗುಣಿತ ಬದಲಾಗಬಹುದು. 'ಮರ' ಅಂದರೆ ರಾಗಿಯೂ ಆಗುತ್ತೆ, ರೊಟ್ಟಿಯೂ ಆಗುತ್ತೆ.
2. ಕೊನೆಯಲ್ಲಿ ಒತ್ತಕ್ಷರ ಬಂದರೆ ಕೊನೆಗೆ ಕೇಳಿಸುವ ವ್ಯಂಜನವೇ ಲೆಕ್ಕ. 'ವಸ್ತ್ರ'ಕ್ಕೆ ರ, 'ಅಕ್ಕಿ'ಗೆ ಕ.
3. ಒಮ್ಮೆ ಹೇಳಿದ ಪದ ಮತ್ತೆ ಬರಬಾರದು. ಮೊದಲನೆಯ ಪದ ಊರಿನ ಹೆಸರಾಗಬಹುದು. ಆಮೇಲೆ ಊರು, ವ್ಯಕ್ತಿಗಳ ಹೆಸರು ಇಲ್ಲ. 'ನೋಡು', 'ಮಾಡು' ತರಹದ ಕ್ರಿಯಾಪದ ನಡೆಯುತ್ತೆ.
4. ಐದು ಎಣಿಸುವಷ್ಟರಲ್ಲಿ ಹೇಳದಿದ್ದರೆ ಸೋಲು.
5. ಕೇಳಿದವರಿಗೆ ಪದದ ಅರ್ಥ ಹೇಳಲೇಬೇಕು.
6. ಎದುರಿನವರಿಗೆ ಉತ್ತರವೇ ಇಲ್ಲದ ಹಾಗೆ ಕೊನೆಯಾಗುವ ಪದಕ್ಕೆ 'ಗಂಟು' ಎಂದು ಹೆಸರು. ಗಂಟು ಹಾಕಿದವರು ಗೆದ್ದ ಹಾಗೆ. ಆದರೆ ಮೊದಲ ಹನ್ನೆರಡು ಪದಗಳವರೆಗೆ ಗಂಟು ಹಾಕುವಂತಿಲ್ಲ.

"ನಾನೇ ಸುರು ಮಾಡ್ತೀನಿ" ಅಂದರು ಅಜ್ಜಿ. ಹಿರಿಯರು, ಮಾಡಲಿ ಬಿಡಿ ಅಂದುಕೊಂಡೆವು. ಆ 'ಬಿಡಿ' ಎಷ್ಟು ದುಬಾರಿ ಎಂದು ತಿಳಿದದ್ದು ವಾಪಸ್ ಬರುವ ಬಸ್ಸಿನಲ್ಲಿ.

ಮೊದಲ ಆಟ ನಡೆದದ್ದು ಹೀಗೆ. ಅಜ್ಜಿ: ಸಿಂಧಘಟ್ಟ. ನಾವು: ಟಗರು. ಅಜ್ಜಿ: ರಾಗಿ. ನಾವು: ಗಡಿಯಾರ. ಅಜ್ಜಿ: ರೊಟ್ಟಿ. ನಾವು: ಟೊಮ್ಯಾಟೊ. ಅಜ್ಜಿ: ಟೊಪ್ಪಿ. ನಾವು: ಪುಸ್ತಕ. ಅಜ್ಜಿ: ಕೂರಿಗೆ. ನಾವು: ಗೋಡೆ. ಅಜ್ಜಿ: ಡಂಗುರ. ನಾವು: ರೈಲು.

ಹನ್ನೆರಡು ಪದ ಮುಗಿದಿತ್ತು. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, "ಲಾಳ" ಅಂದರು.

ಐದು ಜನರೂ ಕತ್ತಲಲ್ಲಿ ಳ, ಳಾ, ಳಿ, ಳೀ ಎಂದು ಗೊಣಗಿದೆವು. ಏನೂ ಹುಟ್ಟಲಿಲ್ಲ. ಹುಟ್ಟುವುದೂ ಇಲ್ಲ. ಕನ್ನಡದಲ್ಲಿ ನಾವಾಡುವ ಯಾವ ಪದವೂ ಳ ಇಂದ ಶುರುವಾಗುವುದಿಲ್ಲ. ಣ ಕೂಡ ಅಷ್ಟೇ.

ಯಾಕೆ ಹೀಗೆ?

ಇಲ್ಲಿಂದ ಪಾಠ ಶುರು. ಕನ್ನಡ ಸೇರಿದ ದ್ರಾವಿಡ ಭಾಷಾ ಕುಟುಂಬದ ಬಗ್ಗೆ ಭಾಷಾವಿಜ್ಞಾನಿಗಳು ಗುರುತಿಸಿರುವ ಒಂದು ಲಕ್ಷಣ ಇದೆ: ಬಹಳ ಹಿಂದೆ ಈ ಭಾಷೆಗಳ ಸ್ವಂತ ಪದಗಳು ಟ, ಡ, ಣ, ರ, ಲ, ಳ ಗಳಿಂದ ಶುರುವಾಗುತ್ತಿರಲಿಲ್ಲ. ತಮಿಳಿನಲ್ಲಿ ಅದರ ಗುರುತು ಇವತ್ತಿಗೂ ಕಾಣುತ್ತೆ. ಸಂಸ್ಕೃತದ ರಾಮ ಅಲ್ಲಿ 'ಇರಾಮನ್' ಆದ, ಲೋಕ 'ಉಲಗಮ್' ಆಯಿತು. ರ, ಲ ಮೊದಲಿಗೆ ಬಂದರೆ ನಾಲಿಗೆ ಒಪ್ಪದೆ ಹಿಂದೆ ಒಂದು ಸ್ವರ ಸೇರಿಸಿಕೊಂಡಿತು.

ಶುರುವಿನಲ್ಲಿ ಬೇಡವಾದ ಇದೇ ಅಕ್ಷರಗಳು ಪದದ ಕೊನೆಯಲ್ಲಿ ಮಾತ್ರ ಗುಂಪುಗುಂಪಾಗಿ ನಿಂತಿವೆ. ಊರು, ನೀರು, ಮರ, ಹಾಲು, ಕಾಲು, ಕಲ್ಲು, ಕಾಡು, ನಾಡು, ಹಾಡು, ಕಣ್ಣು, ಮಣ್ಣು, ಎಣ್ಣೆ, ಮಳೆ, ಬೆಳೆ, ಹೊಳೆ, ಹಳ್ಳಿ. ಎಂದರೆ, ಕೊನೆಯ ಅಕ್ಷರ ಹಿಡಿದು ಆಡುವ ಯಾವ ಆಟವನ್ನೇ ಆಗಲಿ ಕನ್ನಡ ಮತ್ತೆ ಮತ್ತೆ ಇಕ್ಕಟ್ಟಿನ ಬಾಗಿಲಿಗೇ ತಳ್ಳುತ್ತದೆ. ರ, ಲ, ಡ ಬಾಗಿಲುಗಳು ಕಿರಿದು. ಳ, ಣ ಬಾಗಿಲುಗಳಿಗೆ ಬೀಗ.

ಜಪಾನಿನಲ್ಲಿ ಇಂಥದೇ ಒಂದು ಮಕ್ಕಳ ಆಟ ಇದೆ, ಶಿರಿತೊರಿ. ಅಲ್ಲಿ 'ನ್' ಎಂಬ ಅಕ್ಷರಕ್ಕೆ ಮುಗಿಯುವ ಪದ ಹೇಳಿದವರು ಸೋಲುತ್ತಾರೆ, ಏಕೆಂದರೆ ಅದರಿಂದ ಅವರಲ್ಲಿ ಪದ ಶುರುವಾಗುವುದಿಲ್ಲ. ಅಲ್ಲಿ ಗಂಟು ಹಾಕಿದವರಿಗೆ ಸೋಲು, ಸಿಂಧಘಟ್ಟದ ಜಗಲಿಯಲ್ಲಿ ಗೆಲುವು.

ಲೈಟು ಕನ್ನಡವೇ?

ಎರಡನೇ ಆಟದಲ್ಲಿ ನಾವು 'ಹಾಲು' ಅಂದೆವು. ಅಜ್ಜಿ, "ಲೈಟು" ಅಂದರು. ನಮ್ಮಲ್ಲಿ ಒಬ್ಬ ಭಾರೀ ಶಿಸ್ತಿನವನಿದ್ದಾನೆ, ಸಂಘದ ಪೋಸ್ಟರುಗಳ ಕಾಗುಣಿತ ತಿದ್ದುವವನು. "ಅಜ್ಜಿ, ಅದು ಇಂಗ್ಲಿಷು. ಕನ್ನಡ ಪದಾನೇ ಹೇಳ್ಬೇಕು" ಅಂದ.

ಅಜ್ಜಿ ಉರಿಯದ ಬಲ್ಬಿನ ಕಡೆ ಕೈ ತೋರಿಸಿದರು. "ಮತ್ತೆ ಅದುನ್ನ ಏನಂತೀಯಪ್ಪ ನೀನು?"

"ವಿದ್ಯುದ್ದೀಪ."

"ಅದು ನಮ್ದಾ?"

ಅವನು ಬಾಯಿ ತೆರೆದು ಹಾಗೇ ಮುಚ್ಚಿದ. ವಿದ್ಯುತ್ತೂ ಸಂಸ್ಕೃತ, ದೀಪವೂ ಸಂಸ್ಕೃತ.

ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಹಾಸ್ಟೆಲಿಗೆ ಬಂದ ಮೇಲೆ 'ಅಚ್ಚಗನ್ನಡ ಮಾತ್ರ' ಎಂಬ ನಿಯಮ ಹಾಕಿ ಆಡಿ ನೋಡಿದೆವು. ಆಟ ರ ಅಥವಾ ಲ ತಲುಪಿದ ಕೂಡಲೇ ಕುಂಟಿತು. ಕಾರಣ ಮೇಲೆ ಹೇಳಿದ್ದೇ: ಆ ಬಾಗಿಲುಗಳಲ್ಲಿ ನಿಂತಿರುವ ಪದಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವು. ರಥ, ರಸ, ಲತೆ ಸಂಸ್ಕೃತದಿಂದ. ರುಮಾಲು, ಲಗಾಮು ಪಾರ್ಸಿಯಿಂದ. ರೈಲು, ಲಾರಿ, ಲೈಟು ಇಂಗ್ಲಿಷಿನಿಂದ. ಅವರನ್ನೆಲ್ಲ ಹೊರಗೆ ಹಾಕಿದರೆ ಮನೆಯಲ್ಲಿ ಉಳಿಯುವವರು ಕಡಿಮೆ.

ಹಾಗಂತ ಇಂಥ ಕಟ್ಟು ಹಾಕಿಕೊಳ್ಳುವುದು ಹುಚ್ಚುತನವಲ್ಲ. 13ನೇ ಶತಮಾನದ ಕವಿ ಆಂಡಯ್ಯ 'ಕಬ್ಬಿಗರ ಕಾವ'ವನ್ನು ಸಂಸ್ಕೃತದ ತತ್ಸಮ ಪದಗಳನ್ನು ಬಿಟ್ಟು, ದೇಶ್ಯ ಮತ್ತು ತದ್ಭವಗಳಲ್ಲೇ ಬರೆದ. ಆದರೆ ಗಮನಿಸಿ, ಅವನೂ ತದ್ಭವ ಬಿಡಲಿಲ್ಲ. ಹೊರಗಿನಿಂದ ಬಂದು ಕನ್ನಡದ ನಾಲಿಗೆಗೆ ಒಗ್ಗಿದ ಪದಗಳಿಗೆ ಅವನಲ್ಲೂ ಜಾಗ ಇತ್ತು. ಲೈಟ್ ಎಂಬುದು 'ಲೈಟು' ಆದದ್ದು ಅದೇ ದಾರಿಯಲ್ಲಿ, ಕೊನೆಗೊಂದು ಉಕಾರ ಅಂಟಿಸಿಕೊಂಡು.

ಕೊನೆಗೆ ನಮ್ಮ ಸಂಘ ಒಪ್ಪಿಕೊಂಡ ನಿಯಮ ಇದು: ಊರಲ್ಲಿರುವ ನಿಮ್ಮ ಅಮ್ಮನ ಹತ್ತಿರ ಅರ್ಥ ಬಿಡಿಸಿ ಹೇಳದೆ ಬಳಸಬಹುದಾದ ಪದ ಕನ್ನಡ ಪದ. ಲೈಟು, ಬಸ್ಸು, ರೈಲು ಪಾಸು. 'ರಿಸೋರ್ಸ್' ಫೇಲು. 'ಲಂಬಕೋನ' ಬಂದರೆ ಎದುರಿನವರು ಅರ್ಥ ಕೇಳುವ ಹಕ್ಕಿದೆ. ಆ ಶಿಸ್ತಿನ ಗೆಳೆಯನೂ ಒಪ್ಪಿದ. ಸ್ವಲ್ಪ ಮುಖ ಊದಿಸಿಕೊಂಡೇ ಒಪ್ಪಿದ.

ಹಗೇವು

ಮೂರನೇ ಆಟದಲ್ಲಿ ನಾವು ಹುಷಾರಾಗಿ 'ಸಲಹೆ' ಎಂದು ಹ ಕೊಟ್ಟೆವು. ಅಜ್ಜಿ ತಡವಿಲ್ಲದೆ, "ಅಗೇವು" ಅಂದರು.

"ಅಜ್ಜಿ, ಹ ಇಂದ ಹೇಳ್ಬೇಕು, ನೀವು ಅ ಇಂದ ಹೇಳಿದ್ರಿ!"

"ಅದೇ ಅಲ್ವಾ ನಾನ್ ಯೋಳಿದ್ದು?"

ಗೆಳೆಯ ಬಿಡಿಸಿ ಹೇಳಿದ. ಪುಸ್ತಕದಲ್ಲಿ ಅದು 'ಹಗೇವು'. ಈ ಕಡೆಯ ಹಳ್ಳಿಯ ಮಾತಿನಲ್ಲಿ ಪದದ ಮೊದಲಿನ ಹ ಬಿದ್ದುಹೋಗುತ್ತೆ. ಹಸು ಅಸುವಾಗುತ್ತೆ, ಹಾಲು ಆಲಾಗುತ್ತೆ. ಅಜ್ಜಿಯ ಕಿವಿಗೆ ನಮ್ಮ ಹ, ಅವರ ಅ ಎರಡೂ ಒಂದೇ. ಅವರು ಅಕ್ಷರ ನೋಡಿ ಆಡುತ್ತಿರಲಿಲ್ಲ, ಸದ್ದು ಕೇಳಿ ಆಡುತ್ತಿದ್ದರು. ಆಡುವವರ ಬಾಯಲ್ಲಿ ಹೇಗೋ ಹಾಗೆ ಎಂದು ತೀರ್ಪಾಯಿತು.

ಆದರೆ ನಿಜವಾದ ಮುಜುಗರ ಆಮೇಲಿನದು. ಹಗೇವು ಅಂದರೆ ಏನು ಎಂದು ಐವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಐದನೇ ನಿಯಮದಂತೆ ಕೇಳಿದೆವು. ಅಜ್ಜಿ ಆಟ ನಿಲ್ಲಿಸಿ ವಿವರಿಸಿದರು. ರಾಗಿ ಕೂಡಿಡಲು ನೆಲದಲ್ಲಿ ತೋಡುತ್ತಿದ್ದ ಗುಂಡಿ ಅದು. ಮೇಲೆ ಬಾಯಿ ಸಣ್ಣ, ಒಳಗೆ ಅಗಲ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ಕೆಡದೆ ವರ್ಷಗಟ್ಟಲೆ ಇರುತ್ತಿತ್ತು. ತೆಗೆದ ಕೂಡಲೇ ಒಳಗೆ ಇಳಿಯಬಾರದು, ಗಾಳಿಯಾಡಲು ಬಿಡಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ಸಾಯಬಹುದು ಎಂದೂ ಹೇಳಿದರು. ಸಿವಿಲ್ ಗೆಳೆಯ ಗೋಡೆ ಕುಸಿಯದ್ದು ಹೇಗೆ ಎಂದು ಕೇಳಿದ. ಕೆಮಿಕಲ್ ಗೆಳತಿ ಒಳಗಿನ ಗಾಳಿಯಲ್ಲಿ ಆಮ್ಲಜನಕ ಎಷ್ಟಿರಬಹುದು ಎಂದು ಲೆಕ್ಕ ಹಾಕತೊಡಗಿದಳು. ಅಷ್ಟರಲ್ಲಿ ಕರೆಂಟು ಬಂದಿತ್ತು. ಆಟ ಎಲ್ಲಿಗೆ ನಿಂತಿತ್ತು ಎಂದು ಯಾರಿಗೂ ನೆನಪಿರಲಿಲ್ಲ.

ಆ ರಾತ್ರಿ ನಾವು ಮೂರು ಆಟಗಳಲ್ಲಿ ಹೇಳಿದ್ದ ಪದಗಳನ್ನು ನೆನಪಿಸಿಕೊಂಡು ಬರೆದೆವು. ಗಡಿಯಾರ, ಪುಸ್ತಕ, ಗೋಡೆ, ರೈಲು, ಸಲಹೆ. ಎಲ್ಲ ಪಠ್ಯಪುಸ್ತಕದ ಪದಗಳು. ಅಜ್ಜಿಯವು ಕೂರಿಗೆ, ಲಾಳ, ಹಗೇವು, ಕುಂಟೆ, ನೊಗ. ನೇಗಿಲಿನ 'ಗುಳ', 'ಮೇಣಿ' ಎಂಬ ಎರಡು ಗಂಟುಗಳನ್ನು ಅವರು ಬಳಸದೇ ಕೈಯಲ್ಲಿ ಇಟ್ಟುಕೊಂಡಿದ್ದರು ಎಂದು ಬೆಳಿಗ್ಗೆ ತಿಳಿಯಿತು. ಕನ್ನಡ ಸಂಘದವರು ನಾವು. ನಮ್ಮ ಹತ್ತಿರ ಇದ್ದದ್ದು ಕನ್ನಡದ ಒಂದು ಕೋಣೆ ಮಾತ್ರ.

ಹನ್ನೆರಡು, ಹದಿಮೂರು

ಇನ್ನು ಬಸ್ಸಿನಲ್ಲಿ ಕಂಡುಕೊಂಡ ಗುಟ್ಟು. ಕಂಪ್ಯೂಟರ್ ಸೈನ್ಸ್ ಗೆಳತಿ ನೋಟ್‌ಬುಕ್ಕಿನಲ್ಲಿ ಒಂದು ಗ್ರಾಫ್ ಬರೆದಳು. ಪ್ರತಿ ಅಕ್ಷರ ಒಂದು ಚುಕ್ಕೆ. ಪ್ರತಿ ಪದ ಒಂದು ಬಾಣ: ಶುರುವಿನ ಅಕ್ಷರದಿಂದ ಕೊನೆಯ ಅಕ್ಷರಕ್ಕೆ. 'ರಾಗಿ' ಎಂದರೆ ರ ಇಂದ ಗ ಗೆ ಬಾಣ. ಒಮ್ಮೆ ಬಳಸಿದ ಬಾಣ ಅಳಿಸಿಹೋಗುತ್ತೆ. ಳ, ಣ ಚುಕ್ಕೆಗಳಿಗೆ ಬಾಣಗಳು ಬರುತ್ತವೆ, ಅಲ್ಲಿಂದ ಒಂದೂ ಹೊರಡುವುದಿಲ್ಲ. ಇಂಥ ಆಟಕ್ಕೆ ಗಣಕವಿಜ್ಞಾನದಲ್ಲಿ 'ಜಿಯಾಗ್ರಫಿ' ಎಂದು ಹೆಸರು. ಯಾವುದೋ ಒಂದು ಗ್ರಾಫ್ ಕೊಟ್ಟು 'ಶುರು ಮಾಡುವವರು ಖಂಡಿತ ಗೆಲ್ಲಬಲ್ಲರೇ' ಎಂದು ಕೇಳಿದರೆ, ಆ ಪ್ರಶ್ನೆ ಪಿ-ಸ್ಪೇಸ್-ಕಂಪ್ಲೀಟ್ ಎಂದು 1978ರಲ್ಲಿ ಥಾಮಸ್ ಶೇಫರ್ ತೋರಿಸಿದರು. ಸರಳವಾಗಿ ಹೇಳಿದರೆ, ಎಲ್ಲ ಗ್ರಾಫುಗಳಿಗೂ ಒಗ್ಗುವ ವೇಗದ ದಾರಿ ಯಾರಿಗೂ ಸಿಕ್ಕಿಲ್ಲ.

ಆದರೆ ಅಜ್ಜಿಯ ಆಟಕ್ಕೆ ಅಷ್ಟು ಕಷ್ಟ ಬೇಕಿಲ್ಲ. ಶುರು ಮಾಡಿದವರ ಪಾಲಿಗೆ 1, 3, 5, 7, 9, 11, 13ನೇ ಪದಗಳು ಬರುತ್ತವೆ. ಹನ್ನೆರಡರವರೆಗೆ ಗಂಟು ಇಲ್ಲ ಅಂದರೆ, ಗಂಟು ಹಾಕುವ ಮೊದಲ ಅವಕಾಶ ಹದಿಮೂರನೆಯವರದು. ಎಂದರೆ ಶುರು ಮಾಡಿದವರದೇ. ಪ್ರತಿ ಅಕ್ಷರಕ್ಕೂ ಒಂದೊಂದು ಗಂಟು ಗೊತ್ತಿದ್ದರೆ ಸಾಕು: ಕೋಳಿ, ಗಾಳಿ, ಚಳಿ, ಜೋಳ, ಟೊಳ್ಳು, ಡೊಳ್ಳು, ತಾಳಿ, ದಾಳಿ, ನಾಳೆ, ಪಾಳಿ, ಬಾಳೆ, ಮಳೆ, ರಾಣಿ, ಲಾಳ, ವೀಣೆ, ಸುಳ್ಳು, ಹಳ್ಳಿ. "ನಾನೇ ಸುರು ಮಾಡ್ತೀನಿ" ಎಂದದ್ದು ಹಿರಿತನಕ್ಕಲ್ಲ!

ಎರಡನೆಯವರಿಗೆ ಉಳಿಯುವ ದಾರಿ ಒಂದೇ. ಹನ್ನೆರಡನೇ ಪದವನ್ನು ಯ ಗೆ ಮುಗಿಸಿ: ತಾಯಿ, ನಾಯಿ, ಕಾಯಿ, ಬಾಯಿ, ಗಾಯ, ಮಾಯೆ, ದಯೆ, ಲಯ. ಯ ಇಂದ ಶುರುವಾಗುವ ಗಂಟು ನಮ್ಮ ಪಟ್ಟಿಯಲ್ಲಿ ಇಲ್ಲ. ಎದುರಿನವರು ಯಜಮಾನ ಅಂದರೆ ನೀವು ನಾಳೆ, ಯುಗಾದಿ ಅಂದರೆ ದಾಳಿ, ಯೋಗ ಅಂದರೆ ಗಾಳಿ, ಯುದ್ಧ ಅಂದರೆ ಧೂಳು. ಹದಿನಾಲ್ಕನೇ ಪದಕ್ಕೆ ಗೆಲುವು ನಿಮ್ಮದು. ಆಡುವ ಮೊದಲು ಈ ಎರಡು ಪಟ್ಟಿಗಳನ್ನು ನೀವೇ ಮಾಡಿಕೊಳ್ಳಿ. ಗುರುತುಹಾಕಿಕೊಂಡು ಆಡಿದರೆ ಹತ್ತು ನಿಮಿಷದ ಕೆಲಸ.

ಮುಂದಿನ ಹಂತ: ಬೇಡ

ಇದು ಸಲೀಸಾದ ಮೇಲೆ ಇನ್ನೊಂದು ಆಟಕ್ಕೆ ಬನ್ನಿ. ಅವಧಾನ ಎಂಬ ಕಲೆಯಲ್ಲಿ 'ನಿಷೇಧಾಕ್ಷರಿ' ಎಂಬ ಭಾಗ ಇದೆ. ಅವಧಾನಿ ಸ್ಥಳದಲ್ಲೇ ಪದ್ಯ ಕಟ್ಟುತ್ತಾರೆ. ಎದುರಿನ ಪೃಚ್ಛಕರು ಪ್ರತಿ ಅಕ್ಷರದ ನಂತರವೂ ಮುಂದೆ ಯಾವ ಅಕ್ಷರ ಬರಬಾರದು ಎಂದು ತಡೆಯುತ್ತಾರೆ. ಕಾಗದವಿಲ್ಲ, ಪೆನ್ನಿಲ್ಲ. ಛಂದಸ್ಸೂ ತಪ್ಪಬಾರದು, ಅರ್ಥವೂ ಕೆಡಬಾರದು. 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲೇ ಶತಾವಧಾನ ಮಾಡಿದ ಆರ್.ಗಣೇಶ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆದ್ದರಿಂದ 'ಇದು ನಮ್ಮ ಬ್ರಾಂಚಿನದಲ್ಲ' ಎಂಬ ನೆಪ ನಡೆಯಲ್ಲ.

ನಮ್ಮ ಮಟ್ಟಕ್ಕೆ ಇದನ್ನು ಇಳಿಸಿಕೊಂಡಿದ್ದೇವೆ. ಒಬ್ಬರು ವಿಷಯ ಕೊಡುತ್ತಾರೆ. ಇನ್ನೊಬ್ಬರು ಒಂದೊಂದೇ ಪದವಾಗಿ ವಾಕ್ಯ ಕಟ್ಟುತ್ತಾರೆ. ಪ್ರತಿ ಪದದ ನಂತರ ಮೊದಲಿನವರು 'ಇಂಥ ಅಕ್ಷರ ಬೇಡ' ಎಂದು ತಡೆಯುತ್ತಾರೆ, ಮುಂದಿನ ಪದ ಅದರಿಂದ ಶುರುವಾಗಬಾರದು. ಹಿಂದಿನ ವಾರ ನಮ್ಮ ಸ್ಟಾಪಿನಲ್ಲಿ ನಡೆದದ್ದು, ವಿಷಯ 'ಬಸ್ಸು':

"ಬಸ್ಸು." "ಬ ಬೇಡ." "ಇನ್ನೂ." "ಮತ್ತೆ ಬ ಬೇಡ." "ಕಾಣ್ತಿಲ್ಲ." "ನ ಬೇಡ." "ಕಾಲೇ." "ಗ ಬೇಡ."

'ಗತಿ' ಎಂದು ಮುಗಿಸಲು ಹೊರಟವನು ಒಂದು ಕ್ಷಣ ತಡವರಿಸಿ, "ಬಸ್ಸು" ಅಂದ. ಬಸ್ಸು ಇನ್ನೂ ಕಾಣ್ತಿಲ್ಲ, ಕಾಲೇ ಬಸ್ಸು. ತಡೆಯದಿದ್ದರೆ 'ಕಾಲೇ ಗತಿ' ಎಂಬ ಹಳಸಲು ಮಾತು ಬರುತ್ತಿತ್ತು. ತಡೆದದ್ದಕ್ಕೆ ಹೊಸದು ಬಂತು. ತಡೆಯುವವರಿಗೆ ಒಂದು ಸೂಚನೆ: ಸುಮ್ಮನೆ ಯಾವುದೋ ಅಕ್ಷರ ಹೇಳಬೇಡಿ. ಗೆಳೆಯ ಮುಂದೆ ಏನು ಹೇಳಲಿದ್ದಾನೆ ಎಂದು ಊಹಿಸಿ ಅದನ್ನೇ ತಡೆಯಿರಿ. ಅದಕ್ಕೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡಿರಬೇಕು.

ಕೊನೆಗೆ

ಯ ಪಟ್ಟಿ ತಯಾರಾದ ಮೇಲೆ ಗೆಳೆಯನ ಮನೆಗೆ ಫೋನು ಮಾಡಿಸಿ, ಸ್ಪೀಕರ್ ಹಾಕಿ ಅಜ್ಜಿಯನ್ನು ಆಟಕ್ಕೆ ಕರೆದೆವು. "ನೀವೇ ಶುರು ಮಾಡಿ ಅಜ್ಜಿ" ಎಂದು ಧಾರಾಳವಾಗಿ ಹೇಳಿದೆವು. ಹನ್ನೊಂದನೆಯದು ಅಜ್ಜಿಯ 'ಮಾತು'. ಹನ್ನೆರಡನೆಯದಕ್ಕೆ ನಾವು ಐವರೂ ಒಟ್ಟಿಗೆ, "ತಾಯಿ!"

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಗೆದ್ದೆವು ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

"ಯೋಳು" ಅಂದರು ಅಜ್ಜಿ.

"ಏನ್ ಹೇಳೋದು ಅಜ್ಜಿ, ಈಗ ನಿಮ್ಮ ಸರದಿ."

"ಯೋಳಿದ್ನಲ್ಲಪ್ಪ. ಯೋಳು. ಈಗ ನೀವ್ ಯೋಳಿ."

'ಹೇಳು' ಅವರ ಬಾಯಲ್ಲಿ 'ಯೋಳು'. ಆಡುವವರ ಬಾಯಲ್ಲಿ ಹೇಗೋ ಹಾಗೆ ಎಂದು ತೀರ್ಪು ಕೊಟ್ಟವರು ನಾವೇ. ಯ ಇಂದ ಶುರುವಾಗಿ ಳ ಗೆ ಮುಗಿದ ಗಂಟು.

ಗೆಳತಿ ಗ್ರಾಫಿನಲ್ಲಿ ಒಂದು ಬಾಣ ಸೇರಿಸಿದಳು. ಅಜ್ಜಿಯ ಗ್ರಾಫ್ ಬೇರೆಯೇ ಇದೆ ಎಂದು ಆಗ ಹೊಳೆಯಿತು. ನಮ್ಮ ಕಾಗದದಲ್ಲಿ ಖ, ಘ, ಧ, ಭ, ಶ ಬೇರೆ ಬೇರೆ ಚುಕ್ಕೆಗಳು. ಅವರ ಕಿವಿಯಲ್ಲಿ ಅವು ಕ, ಗ, ದ, ಬ, ಸ ಗಳ ಜೊತೆ ಒಂದಾಗಿವೆ. ನಾವು ಅವಿತುಕೊಳ್ಳಬಹುದಾದ ಮೂಲೆಗಳೇ ಅಲ್ಲಿ ಕಡಿಮೆ.

ನಿಮ್ಮ ಊರಿನ ಮಾತಿನಲ್ಲಿ ಯಾವ ಗಂಟುಗಳಿವೆ? ಕಲಬುರಗಿಯವರು, ಕುಂದಾಪುರದವರು, ಚಾಮರಾಜನಗರದವರು, ಕಾಸರಗೋಡಿನವರು ಎಲ್ಲರೂ ನಮ್ಮ ಕ್ಯಾಂಪಸ್ಸಿನಲ್ಲೇ ಇದ್ದೀರಿ. ರಜೆಗೆ ಮನೆಗೆ ಹೋದಾಗ ಹಿರಿಯರೊಬ್ಬರ ಜೊತೆ ಒಂದು ಆಟ ಆಡಿ, ನಿಮಗೆ ಅರ್ಥ ಗೊತ್ತಿಲ್ಲದ ಒಂದು ಪದವನ್ನಾದರೂ ಕೇಳಿ ಬರೆದುಕೊಂಡು ಬನ್ನಿ. ಸಂಘದ ಕೋಣೆಯ ಗೋಡೆಗೆ ಆ ಗ್ರಾಫ್ ಅಂಟಿಸಿದ್ದೇವೆ. ಬಾಣ ಸೇರಿಸಲು ಜಾಗ ಬೇಕಾದಷ್ಟಿದೆ. ಯುಗಾದಿಗೆ ಸಿಂಧಘಟ್ಟಕ್ಕೆ ಮತ್ತೆ ಹೋಗುತ್ತೇವೆ. ಅಷ್ಟರೊಳಗೆ ಕೊಟ್ಟರೆ ಉಪಕಾರ.